ಸೊರಗಿದ ಗಿಡ್ಡ ಕುದುರೆ: ಹಗ್ಗ ಬಿಚ್ಚುವ ಮೊದಲು ಕಾಗದ, ಬುಟ್ಟಿ ತುಂಬುವ ಮೊದಲು ತಕ್ಕಡಿ

ತುಮಕೂರು ಸೀಮೆಯಲ್ಲಿ ನಮ್ಮ ಕೈಗೆ ಬರುವ ಗಿಡ್ಡ ಕುದುರೆಗಳಲ್ಲಿ ಹೆಚ್ಚಿನವು ತೋಟದ ಮನೆಗೆ, ರೆಸಾರ್ಟ್‌ಗೆ, ಮಕ್ಕಳ ಸವಾರಿಗೆ ಅಂತ ತಂದು, ಹೊಸತರ ಖುಷಿ ತೀರಿದ ಮೇಲೆ ಗೂಟದಲ್ಲೇ ಬಿಟ್ಟವು. ಮಾರುವವರು ಎಲ್ಲಕ್ಕೂ ‘ಮಿನಿಯೇಚರ್’ ಅನ್ನುತ್ತಾರೆ. ಆ ತಳಿಗೆ ಅಮೆರಿಕದ ಸಂಘ ಇಟ್ಟಿರುವ ಎತ್ತರದ ಮಿತಿ 34 ಇಂಚು, ಕತ್ತಿನ ಜೂಲು ಮುಗಿಯುವ ಕಡೆ ಅಳೆದು. ಅದಕ್ಕಿಂತ ಎತ್ತರವಿದ್ದರೆ ತಟ್ಟು ಅನ್ನಿ. ಸೊರಗಿದಾಗ ಮಾಡಬೇಕಾದ್ದು ಎರಡಕ್ಕೂ ಒಂದೇ.

ಇಲ್ಲಿ ಕಣ್ಣಳತೆ ನಂಬಬಾರದು. ಒತ್ತಾದ ಕೂದಲು ಪಕ್ಕೆಲುಬನ್ನು ಮುಚ್ಚಿರುತ್ತದೆ, ಜಂತುಹುಳದಿಂದ ಉಬ್ಬಿದ ಹೊಟ್ಟೆ ನೋಡಿ ‘ಚೆನ್ನಾಗೇ ತಿಂದಿದೆಯಲ್ಲ’ ಅಂದುಕೊಳ್ಳುತ್ತೇವೆ. ಕೈಯಾಡಿಸಬೇಕು. ಬೆನ್ನುಮೂಳೆಯ ಗೆಣ್ಣುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತಿದ್ದರೆ, ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿದ್ದರೆ, ಕುದುರೆಯ ಮೈಕಟ್ಟಿಗೆ ಅಂಕಿ ಕೊಡುವ 1ರಿಂದ 9ರವರೆಗಿನ ಹೆನೆಕೆ ಅಳತೆಯಲ್ಲಿ ಅದು 1 ಅಥವಾ 2. ಸರಿಯಾದ ಮೈಕಟ್ಟಿಗೆ 5. ಈ ಅಂಕಿಯನ್ನು ಪಶುವೈದ್ಯರು ಬಾಯಲ್ಲಿ ಹೇಳಿದರೆ ಸಾಲದು, ದಿನಾಂಕ, ಸಹಿ, ಸೀಲಿನೊಂದಿಗೆ ಬರೆಸಿಕೊಳ್ಳಬೇಕು. ಮುಂದಿನ ಎಲ್ಲ ಕೆಲಸಕ್ಕೂ ಅದೇ ಬುನಾದಿ.

ನೋಡಿದ ಕೂಡಲೇ ಹಗ್ಗ ಬಿಚ್ಚಿಕೊಂಡು ಬರೋಣ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಮಾಲೀಕ ಕಳ್ಳತನದ ದೂರು ಕೊಟ್ಟರೆ ಕುದುರೆಯೂ ವಾಪಸ್, ಸಾಕ್ಷಿಯೂ ಮಾಯ. ಕುದುರೆ ಇದ್ದ ಜಾಗದಲ್ಲೇ ಫೋಟೊ ತೆಗೆಯಬೇಕು: ಎರಡು ಪಕ್ಕ, ಹಿಂಭಾಗ, ನಾಲ್ಕೂ ಗೊರಸು, ಗೂಟದಿಂದ ಕೊರಳಿನವರೆಗಿನ ಹಗ್ಗದ ಉದ್ದ, ಒಣಗಿದ ನೀರಿನ ತೊಟ್ಟಿ. ಗೊರಸಿನ ಪಕ್ಕ ಒಂದು ಸ್ಕೇಲ್ ಇಟ್ಟು ತೆಗೆದ ಫೋಟೊ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಖಾಸಗಿ ಜಮೀನಾದರೆ ಬೇಲಿಯ ಹೊರಗಿಂದಲೇ ತೆಗೆಯಿರಿ, ಒಳಗೆ ಹೋಗುವುದು ಅಧಿಕಾರಿಗಳ ಜೊತೆಗೆ ಮಾತ್ರ.

ಜೀವಕ್ಕೆ ಅಪಾಯವಿದ್ದರೆ ಮೊದಲ ಕರೆ 1962ಕ್ಕೆ, ಅದು ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾಲಯದ ಸಂಖ್ಯೆ. ಲಿಖಿತ ದೂರಿನ ಮೂರು ಪ್ರತಿ ಮಾಡಿ, ಒಂದು ಠಾಣೆಗೆ, ಒಂದು ತಾಲ್ಲೂಕಿನ ಪಶುಪಾಲನಾ ಸಹಾಯಕ ನಿರ್ದೇಶಕರಿಗೆ, ಇನ್ನೊಂದು ಜಿಲ್ಲಾ ಪ್ರಾಣಿದಯಾ ಸಂಘಕ್ಕೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಮೂರು ಕಡೆಯೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಠಾಣೆಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು: ‘ಇದು ಎನ್‌ಸಿ ಕೇಸು ಸಾರ್, ನಾವೇನೂ ಮಾಡೋಕಾಗಲ್ಲ.’ ಅರ್ಧ ನಿಜ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11(1)(ಎಚ್) ಪ್ರಕಾರ ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ಆದರೆ ಅದು ಅಸಂಜ್ಞೇಯ (ಅದೇ ಎನ್‌ಸಿ), ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮೊದಲ ಸಲದ ದಂಡ ಇವತ್ತಿಗೂ 10ರಿಂದ 50 ರೂಪಾಯಿ! ಹಾಗಂತ ಪೊಲೀಸರು ಕೈಕಟ್ಟಿ ಕೂರಬೇಕಿಲ್ಲ. ಅದೇ ಕಾಯ್ದೆಯ ಸೆಕ್ಷನ್ 34 ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಅಧಿಕಾರಿಗೆ ಪ್ರಾಣಿಯನ್ನು ವಶಪಡಿಸಿಕೊಂಡು ಮ್ಯಾಜಿಸ್ಟ್ರೇಟ್ ಅಥವಾ ಪಶುವೈದ್ಯರ ಮುಂದೆ ಹಾಜರುಪಡಿಸುವ ಅಧಿಕಾರ ಕೊಡುತ್ತದೆ. ಸೆಕ್ಷನ್ ನಂಬರನ್ನು ದೂರಿನಲ್ಲೇ ಬರೆದಿದ್ದರೆ ವಾದ ಬೇಗ ಮುಗಿಯುತ್ತದೆ. ಹಗ್ಗ ಮಾಂಸದೊಳಗೆ ಇಳಿದು ಕಾಲು ಶಾಶ್ವತವಾಗಿ ಊನವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ನ್ನೂ ಸೇರಿಸಲು ಕೇಳಬಹುದು, ಶಿಕ್ಷೆ 5 ವರ್ಷದವರೆಗೆ. ಅದಕ್ಕೆ ‘ಊನ’ ಎಂಬ ಮಾತು ವೈದ್ಯರ ವರದಿಯಲ್ಲಿ ಇರಲೇಬೇಕು. ಇನ್ನೊಂದು ಗಡುವು ಬಹಳ ಜನಕ್ಕೆ ಗೊತ್ತಿಲ್ಲ: ಪ್ರಾಣಿಹಿಂಸೆ ಕಾಯ್ದೆಯಡಿ ಮೊಕದ್ದಮೆ ಹೂಡಲು ಅಪರಾಧ ನಡೆದ ದಿನದಿಂದ 3 ತಿಂಗಳು ಮಾತ್ರ.

ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಕುದುರೆ, ಮಾಲೀಕನಿಗೂ ಬೇಡವಾಗಿದೆ ಅಂದರೆ ಬಿಟ್ಟುಕೊಡುವ ಪತ್ರವೇ ಲೇಸು. ಛಾಪಾ ಕಾಗದದ ಮೇಲೆ ಕುದುರೆಯ ಬಣ್ಣ, ಹಣೆಯ ಬೊಟ್ಟು, ಸುಳಿ, ಎತ್ತರ, ಲಿಂಗ ಬರೆದು, ‘ಇನ್ನು ಮುಂದೆ ಹಕ್ಕು ಕೇಳುವುದಿಲ್ಲ’ ಎಂದು ಇಬ್ಬರು ಸಾಕ್ಷಿಗಳ ಎದುರು ಸಹಿ. ಅದೇ ಕೊಟ್ಟಿಗೆಯಲ್ಲಿ ಇನ್ನೂ ಪ್ರಾಣಿಗಳು ನರಳುತ್ತಿದ್ದರೆ ಮಾತ್ರ ಕೇಸಿನ ದಾರಿ ಹಿಡಿಯಿರಿ, ಏಕೆಂದರೆ ಪತ್ರದಿಂದ ಒಂದು ಉಳಿದರೆ ಇನ್ನೊಂದು ಅದೇ ಗೂಟಕ್ಕೆ ಬರುತ್ತದೆ.

ಕೇಸಾದರೆ ವಶಪಡಿಸಿಕೊಂಡ ಪ್ರಾಣಿಗಳ ಆರೈಕೆಗೆಂದು ಇದೇ ಪ್ರಾಣಿಹಿಂಸೆ ಕಾಯ್ದೆಯಡಿ ಮಾಡಿದ 2017ರ ನಿಯಮಗಳು ಅನ್ವಯಿಸುತ್ತವೆ. ವಶಪಡಿಸಿಕೊಂಡ ಪ್ರಾಣಿಯನ್ನು ಪ್ರಾಣಿದಯಾ ಸಂಘ, ಪಿಂಜರಾಪೋಲ್, ಗೋಶಾಲೆ ಅಥವಾ ಪ್ರಾಣಿ ಕಲ್ಯಾಣ ಸಂಸ್ಥೆಯ ಸುಪರ್ದಿಗೆ ಕೊಡಬಹುದು ಅನ್ನುತ್ತದೆ ನಿಯಮ. ಖಾಸಗಿ ವ್ಯಕ್ತಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಮನೆಯಲ್ಲಿ ಸಾಕುವವರು ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿ ಸುಪರ್ದಿ ಮಾಡಿಸಿ, ಸಂಸ್ಥೆಯಿಂದ ಸಾಕುವ ಪತ್ರ ಪಡೆಯುವುದು ಸುರಕ್ಷಿತ. ಆರೈಕೆ ಖರ್ಚಿಗೆ ಮಾಲೀಕನಿಂದ ಮ್ಯಾಜಿಸ್ಟ್ರೇಟರು 3 ದಿನದೊಳಗೆ ಮುಚ್ಚಳಿಕೆ ಬರೆಸಬೇಕು, ಬರೆದುಕೊಡದಿದ್ದರೆ ಪ್ರಾಣಿಯ ಮೇಲಿನ ಹಕ್ಕು ಹೋಗುತ್ತದೆ. ಮೇವಿನ ಚೀಟಿಯಿಂದ ಹಿಡಿದು ಎಲ್ಲ ಬಿಲ್ಲೂ ಇಟ್ಟುಕೊಳ್ಳಿ. ಕೇಸು ಮುಗಿಯುವ ತನಕ ಕುದುರೆ ನಿಮ್ಮದಲ್ಲ: ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಕೇಳದೆ ಬೀಜ ಒಡೆಸುವಂತಿಲ್ಲ.

ಮನೆಗೆ ತಂದ ಮೇಲೆ ಕನಿಷ್ಠ ಒಂದು ತಿಂಗಳು ಬೇರೆ ಲಾಯ, ಬೇರೆ ಬಕೆಟ್, ಬೇರೆ ಬ್ರಷ್. ಗ್ಲಾಂಡರ್ಸ್ ಮನುಷ್ಯರಿಗೂ ಹರಡುವ ಕಾಯಿಲೆ. ರಕ್ತದ ಮಾದರಿಯನ್ನು ಇಲಾಖೆಯ ಮೂಲಕ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಕಳಿಸಿ, ಫಲಿತಾಂಶ ಬರುವವರೆಗೂ ಮೂಗು ಸೋರುವ ಕುದುರೆಯ ಹತ್ತಿರ ಕೈಗವಸು, ಮಾಸ್ಕ್ ಇಲ್ಲದೆ ಹೋಗಬೇಡಿ. ಹೊಟ್ಟೆಯಡಿ ನೀರು ತುಂಬಿದ್ದು, ಬಿಟ್ಟುಬಿಟ್ಟು ಜ್ವರ ಬರುತ್ತಿದ್ದರೆ ಸರ್ರಾ (ರಕ್ತದಲ್ಲಿ ಸೇರುವ ಪರಾವಲಂಬಿಯ ಕಾಯಿಲೆ) ಪರೀಕ್ಷೆಯನ್ನೂ ಮಾಡಿಸಿ. ಧನುರ್ವಾಯು ಲಸಿಕೆ ತಪ್ಪಿಸಲೇಬಾರದು. ಹಾಸಿಗೆಗೆ ತಿಪಟೂರು ಕಡೆ ಸುಲಭವಾಗಿ ಸಿಗುವ ತೆಂಗಿನ ನಾರಿನ ಪುಡಿ ಒಳ್ಳೆಯದು, ಮೆತ್ತಗಿರುತ್ತದೆ, ಗಂಜಲ ಹೀರುತ್ತದೆ.

ಕುದುರೆಗಳು ಸಾಯುವುದು ಹೆಚ್ಚಾಗಿ ಈ ಹಂತದಲ್ಲಿ, ಅದೂ ಪ್ರೀತಿಯಿಂದ. ಸುದ್ದಿ ಕೇಳಿ ಬಂದ ನೆರೆಯವರು ಬೆಲ್ಲ, ಬಾಳೆಹಣ್ಣು, ಅನ್ನ, ಬೇಯಿಸಿದ ಹುರುಳಿ ತರುತ್ತಾರೆ. ಬಹುಕಾಲ ಉಪವಾಸವಿದ್ದ ಮೈಗೆ ಪಿಷ್ಟ, ಸಕ್ಕರೆ ಬಿದ್ದ ಕೂಡಲೇ ಇನ್ಸುಲಿನ್ ಏರಿ, ರಕ್ತದಲ್ಲಿ ಅಳಿದುಳಿದ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶದೊಳಗೆ ನುಗ್ಗುತ್ತವೆ. ಹೃದಯಕ್ಕೂ ಉಸಿರಾಟದ ಸ್ನಾಯುಗಳಿಗೂ ಏನೂ ಉಳಿಯುವುದಿಲ್ಲ. ಮೂರರಿಂದ ಐದನೇ ದಿನದೊಳಗೆ, ‘ಚೆನ್ನಾಗಿ ತಿನ್ನುತ್ತಿತ್ತಲ್ಲ’ ಅನ್ನುತ್ತಿರುವಾಗಲೇ, ಬಿದ್ದುಬಿಡುತ್ತದೆ.

ಆದ್ದರಿಂದ ಮೊದಲು ತೂಕ ಲೆಕ್ಕ ಹಾಕಬೇಕು. ಮುಂಗಾಲ ಹಿಂದಿನ ಎದೆ ಸುತ್ತಳತೆಯನ್ನು ಸೆಂ.ಮೀ.ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 96, ಉದ್ದ 104 ಇದ್ದರೆ ಸುಮಾರು 80 ಕೆಜಿ. ಅಂಥ ಕುದುರೆಗೆ ಮೊದಲ ಮೂರು ದಿನ ನಾನು ಕೊಡುವುದು ಒಣಗಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಮಾತ್ರ, ನಾಲ್ಕು ಗಂಟೆಗೊಮ್ಮೆ 80 ಗ್ರಾಂ, ರಾತ್ರಿಯೂ ಸೇರಿ. ತಕ್ಕಡಿಯಲ್ಲಿಟ್ಟರೆ ಒಂದು ಹಿಡಿಯಷ್ಟೇ ಕಾಣುತ್ತದೆ, ಕರುಳು ಚುರ್ ಅನ್ನುತ್ತದೆ, ಆದರೂ ಅಷ್ಟೇ. ಈ ಸೊಪ್ಪಿನಲ್ಲಿ ಪಿಷ್ಟ ಕಡಿಮೆ, ಪ್ರೋಟೀನು, ಮೆಗ್ನೀಸಿಯಂ ಹೆಚ್ಚು. ಹಸಿ ಸೊಪ್ಪಾದರೆ ಅದರ ನಾಲ್ಕು ಪಟ್ಟು ತೂಕ. ನಾಲ್ಕನೇ ದಿನದಿಂದ ನಿಧಾನಕ್ಕೆ ಏರಿಸುತ್ತಾ, ಹತ್ತನೇ ದಿನದ ಹೊತ್ತಿಗೆ ದಿನಕ್ಕೆ 1 ಕೆಜಿ, ಮೂರು ಹೊತ್ತಿನಲ್ಲಿ. ಆಮೇಲೆ ದೇಹತೂಕದ ಶೇ. 1.5ರಿಂದ 2ರಷ್ಟು ಒಣಮೇವು. ಅದಕ್ಕೂ ಹೆಚ್ಚು ಹಾಕಿದರೆ ಗೊರಸಿಗೆ ಉರಿ ಬರುತ್ತದೆ, ಗಿಡ್ಡ ತಳಿಗಳಿಗೆ ಆ ಕಾಯಿಲೆ ಬಲು ಬೇಗ.

ಇದರ ಉಲ್ಟಾ ಅಪಾಯವೂ ಇದೆ. ಗಿಡ್ಡ ಕುದುರೆ ಒಂದು ದಿನ ಮೇವು ಮುಟ್ಟದಿದ್ದರೂ ಮೈಯ ಕೊಬ್ಬು ಕರಗಿ ರಕ್ತಕ್ಕೆ ಸುರಿಯಲು ಶುರುವಾಗಬಹುದು. ಸಿರಿಂಜ್‌ನಲ್ಲಿ ತೆಗೆದು ನಿಲ್ಲಿಸಿದ ರಕ್ತದ ಮೇಲಿನ ನೀರು ಹಾಲಿನಂತೆ ಬಿಳುಪಾಗಿದ್ದರೆ ಯಕೃತ್ತು ಕೈಕೊಡುವ ಸೂಚನೆ. ‘ನಾಳೆ ನೋಡೋಣ’ ಅನ್ನದೆ ಆಗಲೇ ವೈದ್ಯರನ್ನು ಕರೆಯಿರಿ.

ಹಸು ಸಾಕುವ ನಮ್ಮ ಅಭ್ಯಾಸವೇ ಇಲ್ಲಿ ತೊಡಕು. ನೇಪಿಯರ್ ಹುಲ್ಲಿನ ಆಕ್ಸಲೇಟನ್ನು ಹಸುವಿನ ಹೊಟ್ಟೆ ಅರಗಿಸುತ್ತದೆ, ಕುದುರೆಗೆ ಅದು ಸುಣ್ಣದಂಶ ಸಿಗದ ಹಾಗೆ ಮಾಡಿ ದವಡೆ ಮೂಳೆ ಊದಿಸುತ್ತದೆ. ಬೂಸಾ ಮೇಲೇ ಬೆಳೆಸಿದರೂ ಅದೇ ಗತಿ. ಕೆಲವು ದನದ ಮತ್ತು ಕೋಳಿ ಫೀಡ್‌ಗಳಿಗೆ ಸೇರಿಸುವ ಮೊನೆನ್ಸಿನ್ ಕುದುರೆಯ ಹೃದಯಕ್ಕೆ ವಿಷ. ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬಳ್ಳಿ ಒಳ್ಳೆಯ ಮೇವೇ, ಆದರೆ ಬೂಷ್ಟು ವಾಸನೆ ಬಂದರೆ ಒಂದು ಎಸಳೂ ಬೇಡ. ರಾಗಿ ಹುಲ್ಲು ಹೊಟ್ಟೆ ತುಂಬಲು ಸರಿ, ಹಲ್ಲು ನೋಡಿದ ಮೇಲೆ. ಮೇವನ್ನು ಅರ್ಧ ಅಗಿದು ಉಂಡೆಯಾಗಿ ಉಗುಳುತ್ತಿದ್ದರೆ ದವಡೆ ಹಲ್ಲು ಚೂಪಾಗಿದೆ, ಉಜ್ಜಿಸಬೇಕು. ಅಲ್ಲಿಯವರೆಗೆ ಒಣ ಹುಲ್ಲು ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ತರುತ್ತದೆ.

ಜಂತುಹುಳದ ಔಷಧಿ ಮೊದಲ ವಾರ ಬೇಡ. ಲದ್ದಿ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮೇಲೆ, ಅಳೆದ ತೂಕಕ್ಕೆ ತಕ್ಕಷ್ಟೇ. ಐವರ್‌ಮೆಕ್ಟಿನ್ ಕೆಜಿಗೆ 0.2 ಮಿ.ಗ್ರಾಂ, 80 ಕೆಜಿಗೆ 16 ಮಿ.ಗ್ರಾಂ. ದೊಡ್ಡ ಕುದುರೆಯ ಪೇಸ್ಟ್ ಟ್ಯೂಬ್ ಪೂರ್ತಿ ಹಿಂಡಿದರೆ ಹಲವು ಪಟ್ಟು ಹೆಚ್ಚಾಗುತ್ತದೆ. ದನಗಳ ಇಂಜೆಕ್ಷನ್ನನ್ನು ಕುದುರೆಗೆ ಚುಚ್ಚಿಸಲೇಬೇಡಿ.

ಗೊರಸು ಚಪ್ಪಲಿಯ ಮೂತಿಯಂತೆ ಮೇಲಕ್ಕೆ ತಿರುಗಿದ್ದರೆ ಒಂದೇ ಸಲ ಕತ್ತರಿಸಬಾರದು. ಒಳಗಿನ ಮೂಳೆ ಎಲ್ಲಿದೆ ಎಂದು ಎಕ್ಸ್‌ರೇ ನೋಡಿ, ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ, ಮೊದಲು ಹಿಮ್ಮಡಿ, ಆಮೇಲೆ ಮೂತಿ. ಬೇಗ ತೆಗೆದರೆ ಕಾಲಿನ ಹಿಂಬದಿಯ ಸ್ನಾಯುರಜ್ಜು ಎಳೆದು ಕುದುರೆ ಮಲಗಿಬಿಡುತ್ತದೆ. ಎತ್ತಿಗೆ ಲಾಳ ಕಟ್ಟುವವರು ಕೆಡವಿ ಕೆಲಸ ಮಾಡುತ್ತಾರೆ. ಸೊರಗಿದ ಕುದುರೆಯನ್ನು ಕೆಡವಿದರೆ ಮತ್ತೆ ಏಳುವುದು ಕಷ್ಟ. ಕುಣಿಗಲ್‌ನ ಕುದುರೆ ಫಾರಂ ಟಿಪ್ಪು ಕಾಲದ್ದು. ಆ ಸುತ್ತಿನಲ್ಲಿ ನಿಂತ ಕುದುರೆಯ ಕಾಲೆತ್ತಿ ಗೊರಸು ತಿದ್ದುವವರನ್ನು ವಿಚಾರಿಸಿ.

ವಾರಕ್ಕೊಮ್ಮೆ ಒಂದೇ ಗೋಡೆಯ ಮುಂದೆ ಒಂದೇ ಪಕ್ಕದಿಂದ ಫೋಟೊ, ಎದೆ ಸುತ್ತಳತೆ, ಜ್ವರ, ತಿಂದ ಮೇವಿನ ತೂಕ ಇವನ್ನು ಪುಸ್ತಕದಲ್ಲಿ ಬರೆದು ತಿಂಗಳಿಗೊಮ್ಮೆ ವೈದ್ಯರ ಸಹಿ ಹಾಕಿಸಿ. ‘ಅದಕ್ಕೆ ರೋಗವಿತ್ತು, ಮೇವು ಹಾಕುತ್ತಲೇ ಇದ್ದೆ’ ಎಂದು ಮಾಲೀಕ ಕೋರ್ಟಿನಲ್ಲಿ ವಾದಿಸಿದಾಗ, ಬರೀ ಮೇವಿನಿಂದ ಮೈ ತುಂಬಿದ ಲೆಕ್ಕ ಈ ಪುಸ್ತಕದಲ್ಲಿರುತ್ತದೆ.

ಪ್ರತ್ಯೇಕವಾಗಿಡುವ ಅವಧಿ ಮುಗಿದ ಮೇಲೆ ಜೊತೆ ಬೇಕೇ ಬೇಕು, ಒಂಟಿ ಕುದುರೆ ಮೇವು ಬಿಡುತ್ತದೆ. ದೊಡ್ಡ ಕುದುರೆ ಒದ್ದು ಮೂಳೆ ಮುರಿದೀತು, ಇನ್ನೊಂದು ಗಿಡ್ಡದ್ದೋ ಕತ್ತೆಯೋ ಮೇಕೆಯೋ ಆಗಬಹುದು. ಹಸುಗಳ ಜೊತೆ ಕಟ್ಟುವುದಾದರೆ ಹಗ್ಗದ ಉದ್ದ ನೋಡಿಕೊಳ್ಳಿ, ಅವುಗಳ ಫೀಡಿನ ಗೋದಲಿಗೆ ಇದರ ಬಾಯಿ ಎಟುಕಬಾರದು.