ತಪಸ್ಸುಕಾಲದ ಅರವಟ್ಟಿಗೆ: ಉಪವಾಸದ ದುಡ್ಡಿನಲ್ಲಿ ಮಜ್ಜಿಗೆ ಕೊಡುವ ಕ್ರಮ

ದಾವಣಗೆರೆಯಲ್ಲಿ ಶಿವರಾತ್ರಿ ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟಲು ಶುರು. ಈಸ್ಟರ್‌ಗೆ ಮುಂಚೆ ಕ್ರೈಸ್ತರು ಉಪವಾಸ ಮಾಡುವ ತಪಸ್ಸುಕಾಲವೂ ಹೆಚ್ಚುಕಮ್ಮಿ ಅದೇ ಹೊತ್ತಿನದು. 2027ರಲ್ಲಿ ಅದು ಶುರುವಾಗುವ ಬೂದಿ ಬುಧವಾರ ಫೆಬ್ರುವರಿ 10ಕ್ಕೆ, ಈಸ್ಟರ್ ಮಾರ್ಚ್ 28ಕ್ಕೆ. ಈ ದಿನಗಳಲ್ಲಿ ಊಟ ಬಿಡುವ ಮನೆಗಳು ಬೇಕಾದಷ್ಟಿವೆ; ಬಿಟ್ಟ ಊಟದ ದುಡ್ಡು ಎಲ್ಲಿ ಹೋಯಿತೆಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಮತ್ತಾಯ 25:35ರಲ್ಲಿ ಯೇಸುಸ್ವಾಮಿ ಬಾಯಾರಿದವನ ಜಾಗದಲ್ಲಿ ತಾವೇ ನಿಂತಿದ್ದಾರೆ. ಆ ದುಡ್ಡು ಅಲ್ಲಿಗೆ ಮುಟ್ಟಬೇಕು. 20 ಮನೆಗಳು ಸೇರಿದರೆ ದಿನಕ್ಕೆ 300 ಲೋಟದ ಅರವಟ್ಟಿಗೆ ನಡೆಸಬಹುದು.

ದುಡ್ಡು

ಯಾರಾದರೂ ಸಾಹುಕಾರರು ಇಡೀ ಖರ್ಚು ನನ್ನದೇ ಎಂದರೆ ನಯವಾಗಿ ಬೇಡ ಎನ್ನಿ. ಅವರ ಚೆಕ್ ಬಂದ ದಿನವೇ ಮಿಕ್ಕ ಮನೆಗಳ ಉಪವಾಸಕ್ಕೂ ಮಜ್ಜಿಗೆಗೂ ಇರುವ ನಂಟು ಕಡಿಯುತ್ತದೆ. ಬೂದಿ ಬುಧವಾರದಂದು ಮನೆಗೊಂದು ಡಬ್ಬಿ ಕೊಡಿ. ಶುಕ್ರವಾರ ಬಿಟ್ಟ ಕೋಳಿಯ ದುಡ್ಡು, ಶನಿವಾರ ಬಿಟ್ಟ ಬೆಣ್ಣೆ ದೋಸೆಯ ದುಡ್ಡು ಅವತ್ತೇ ಡಬ್ಬಿಗೆ ಬೀಳಬೇಕು. (ದಾವಣಗೆರೆಯವರಿಗೆ ಎರಡನೆಯದೇ ದೊಡ್ಡ ತಪಸ್ಸು.) ತಿಂಗಳ ಕೊನೆಗೆ ಒಟ್ಟಿಗೇ ಹಾಕುತ್ತೇವೆ ಎನ್ನುವವರ ಡಬ್ಬಿ ಸಾಮಾನ್ಯವಾಗಿ ಖಾಲಿ ಬರುತ್ತದೆ.

ವಾರಕ್ಕೆ ಮನೆಯೊಂದಕ್ಕೆ 120 ರೂಪಾಯಿಯಂತೆ 2,400 ಆಯಿತು. ಮೊಸರು ಲೀಟರಿಗೆ 55 ರೂಪಾಯಿ ಹಿಡಿದರೂ ಗ್ಯಾಸು, ಮಂಜುಗಡ್ಡೆ ಎಲ್ಲ ಸೇರಿ ಒಂದು ದಿನದ ಮಜ್ಜಿಗೆ 800ರೊಳಗೆ ಮುಗಿಯುತ್ತದೆ. ಹಾಗಾಗಿ ಸೋಮ, ಬುಧ, ಶುಕ್ರ ಮಜ್ಜಿಗೆ. ಮಂಗಳ, ಗುರು, ಶನಿ ಬರೀ ತಣ್ಣೀರು.

ಜಾಗ

ಚರ್ಚಿನ ಗೇಟಿನ ಮುಂದೆ ಬೇಡ, ಅಲ್ಲಿ ಕುಡಿಯುವವರೆಲ್ಲ ನಮ್ಮವರೇ ಆಗುತ್ತಾರೆ. ಚಿಗಟೇರಿ ಜಿಲ್ಲಾಸ್ಪತ್ರೆಯ ಹತ್ತಿರ ರೋಗಿಗಳ ಕಡೆಯವರು ಕಾಯುತ್ತಿರುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಮೂಟೆ ಹೊರುತ್ತಿರುತ್ತಾರೆ. ಅಂಗಡಿಯ ಜಗುಲಿಯಾದರೆ ಮಾಲೀಕರ ಒಪ್ಪಿಗೆ ಸಾಕು. ರಸ್ತೆಬದಿಯಾದರೆ ಮಹಾನಗರ ಪಾಲಿಕೆಗೆ, ಆಸ್ಪತ್ರೆ ಆವರಣವಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ಯಾರ್ಡಾದರೆ ಎಪಿಎಂಸಿ ಕಾರ್ಯದರ್ಶಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಲ್ಲಿ ಆಗಲೇ ಬೇರೆಯವರ ಅರವಟ್ಟಿಗೆ ಇದ್ದರೆ ಅವರ ಜೊತೆ ಕೈಜೋಡಿಸಿ, ಪಕ್ಕದಲ್ಲೇ ಪೈಪೋಟಿಗೆ ಇನ್ನೊಂದು ಹಾಕಬೇಡಿ.

ಮಡಿಕೆ

ನಲ್ಲಿ ಇರುವ 20 ಲೀಟರಿನ ಮೂರು ಮಡಿಕೆ ಸಾಕು. ಹೊಸ ಮಡಿಕೆಯನ್ನು ಒಂದು ದಿನ ಪೂರ್ತಿ ನೀರಿನಲ್ಲಿ ನೆನೆಸಿ, ಮೊದಲ ಎರಡು ಸಲ ತುಂಬಿದ ನೀರು ಚೆಲ್ಲಿ. ಮಣ್ಣಿನ ವಾಸನೆ ಹೋಗುತ್ತದೆ. ಒದ್ದೆ ಮರಳಿನ ಮೇಲೆ ಕೂರಿಸಿ, ಸುತ್ತ ಒದ್ದೆ ಗೋಣಿಚೀಲ ಸುತ್ತಿ. ನೆರಳು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ. ಮಡಿಕೆಯ ಮೈಯಿಂದ ಜಿನುಗಿದ ನೀರು ಆರುವಾಗಲೇ ಒಳಗಿನದು ತಣ್ಣಗಾಗುವುದು, ಮೂಲೆಗೆ ತಳ್ಳಿ ಫ್ಲೆಕ್ಸ್ ಮುಚ್ಚಿದರೆ ಬೆಚ್ಚಗೇ ಉಳಿಯುತ್ತದೆ.

ಭಾನುವಾರ ಶಾಲೆಯ ಮಕ್ಕಳಿಗೆ ಮಡಿಕೆ ಸಿಂಗರಿಸಲು ಕೊಡಿ, ಆದರೆ ಆಯಿಲ್ ಪೇಂಟ್ ಮುಟ್ಟಿಸಬೇಡಿ. ಬಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿ ಮಡಿಕೆಯನ್ನು ಪ್ಲಾಸ್ಟಿಕ್ ಬಿಂದಿಗೆಯ ಹಾಗೆ ಮಾಡಿಬಿಡುತ್ತದೆ. ಕೆಮ್ಮಣ್ಣು, ಸುಣ್ಣದಲ್ಲಿ ಕತ್ತಿನ ಸುತ್ತ ಮಾತ್ರ ಚಿತ್ತಾರ ಬರೆಯಲಿ. ಮೀನು, ದ್ರಾಕ್ಷಿಬಳ್ಳಿ, ಜೋಳದ ತೆನೆ, ಅವರಿಗೆ ತೋಚಿದ್ದು.

ಕುಡಿಯುವ ನೀರಿಗೆ ಕ್ಲೋರಿನ್ ಮಾತ್ರೆ ಹಾಕುವುದಾದರೆ ಪೊಟ್ಟಣದ ಮೇಲಿನ ಅಳತೆಯಷ್ಟೇ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ. ರಾತ್ರಿ ಉಳಿದ ನೀರನ್ನು ಮರದ ಬುಡಕ್ಕೆ ಸುರಿದು ಮಡಿಕೆ ಬೋರಲು ಹಾಕಿ. ವಾರಗಟ್ಟಲೆ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಯ ಮರಿ ಆಗುತ್ತದೆ.

ಮಜ್ಜಿಗೆ

150 ಮಿಲಿ ಲೋಟದಲ್ಲಿ 300 ಜನಕ್ಕೆ 45 ಲೀಟರ್ ಬೇಕು. 10 ಲೀಟರ್ ಮೊಸರು, ಕುದಿಸಿ ಆರಿಸಿದ ನೀರು 35 ಲೀಟರ್, ಶುಂಠಿ ಕಾಲು ಕೆಜಿ, ಹಸಿಮೆಣಸಿನಕಾಯಿ 100 ಗ್ರಾಂ, ಕೊತ್ತಂಬರಿ ಮೂರು ಕಟ್ಟು, ಒಂದು ಹಿಡಿ ಕರಿಬೇವು, ಇಂಗು ಎರಡು ಚಮಚ. ಉಪ್ಪು ಮೊದಲು 150 ಗ್ರಾಂ ಹಾಕಿ ರುಚಿ ನೋಡಿ, 200 ದಾಟಿಸಬೇಡಿ. ಮೊಸರನ್ನು ಮೊದಲು ಗಟ್ಟಿಯಾಗಿಯೇ ಕಡೆದು ಆಮೇಲೆ ನೀರು ಬೆರೆಸಿ. ಮೊದಲೇ ನೀರು ಸುರಿದರೆ ಗಂಟುಗಂಟಾಗಿ ಒಡೆದು ತೇಲುತ್ತದೆ. ಮಸಾಲೆ ರುಬ್ಬಿ ಸೋಸಿ. ಖಾರ ಹೆಚ್ಚಾದರೆ ಮಕ್ಕಳೂ ವಯಸ್ಸಾದವರೂ ಅರ್ಧಕ್ಕೇ ಇಡುತ್ತಾರೆ.

ಸ್ಟೀಲ್ ಪಾತ್ರೆ ಬಳಸಿ. ಕಲಾಯಿ ಇಲ್ಲದ ಹಿತ್ತಾಳೆ ಕೊಳಗದಲ್ಲಿ ಹುಳಿಗೆ ಕಿಲುಬು ಬಿಡುತ್ತದೆ. ಈ ಸೆಕೆಗೆ ಮೂರು ಗಂಟೆಯಲ್ಲಿ ಹುಳಿ ಏರುವುದರಿಂದ ಹನ್ನೊಂದೂವರೆಗೆ ಅರ್ಧ, ಒಂದೂವರೆಗೆ ಅರ್ಧ ಬೆರೆಸಿ. ಮಂಜುಗಡ್ಡೆಯನ್ನು ಮಜ್ಜಿಗೆಯೊಳಗೆ ಹಾಕಬೇಡಿ. ದಿಮ್ಮಿ ಮಂಜುಗಡ್ಡೆ ಬಹುಪಾಲು ಕುಡಿಯುವ ನೀರಿನದಲ್ಲ. ಟಬ್ಬಿನಲ್ಲಿ ಮಂಜುಗಡ್ಡೆ ತುಂಬಿ, ಪಾತ್ರೆಯನ್ನು ಅದರೊಳಗಿಡಿ.

ಕೊಡುವ ಬಗೆ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎತ್ತರದಿಂದ ಬೊಗಸೆಗೆ ಹೊಯ್ಯುವ ರೂಢಿ ಬೇಡವೇ ಬೇಡ. ಜಾತಿಯ ಕಾರಣಕ್ಕೆ ಹಾಗೆ ಹೊಯ್ಯಿಸಿಕೊಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಎಲ್ಲರಿಗೂ ಒಂದೇ ಥರದ ಸ್ಟೀಲ್ ಲೋಟ, ಕೈಗೇ ಕೊಡಿ, ಹಿರಿಯರಿಗೆ ಕುಳಿತುಕೊಳ್ಳಲು ಒಂದು ಬೆಂಚಿಡಿ. 60 ಲೋಟ, ತೊಳೆಯಲು ಮೂರು ಬಕೆಟ್: ಸೋಪಿನದು, ಜಾಲಿಸಲು ತಣ್ಣೀರು, ಕೊನೆಗೆ ಬಿಸಿನೀರು.

ಫಲಕದಲ್ಲಿ "ಕುಡಿಯುವ ನೀರು, ಮಜ್ಜಿಗೆ" ಎಂದಷ್ಟೇ ಬರೆದರೆ ಸಾಕು. ಲೋಟದ ಜೊತೆ ಕರಪತ್ರ ಬೇಡ, ಕುಡಿಯುವವರ ಮುಂದೆ ಪ್ರಾರ್ಥನೆ ಬೇಡ, ಅವರ ಫೋಟೋ ಬೇಡ. ಮತಾಂತರದ ಅನುಮಾನ ಬಂದರೆ ಅರವಟ್ಟಿಗೆ ಅರ್ಧ ದಿನದಲ್ಲಿ ಮುಚ್ಚುತ್ತದೆ ಎಂಬುದು ನಿಜ. ಆದರೆ ಆ ಭಯ ಇಲ್ಲದಿದ್ದರೂ ಬೇಡ. ದಾನ ಮಾಡುವಾಗ ತುತ್ತೂರಿ ಊದಬೇಡಿ ಎಂದು ಮತ್ತಾಯ 6ರಲ್ಲೇ ಇದೆ. ಹಾಗೆಂದು ಬಚ್ಚಿಡುವುದೂ ಸಲ್ಲ. "ಯಾರ ಕಡೆಯಿಂದ?" ಎಂದು ಯಾರಾದರೂ ಕೇಳಿದರೆ "ಚರ್ಚಿನವರು ಅಣ್ಣ, ಉಪವಾಸದ ದುಡ್ಡಿಂದ" ಎಂದು ನೇರವಾಗಿ ಹೇಳಿ, ಮುಂದಿನ ಲೋಟ ತುಂಬಿ. ಪ್ರಾರ್ಥನೆಯನ್ನು ಹೊರಡುವ ಮುಂಚೆ ಹತ್ತು ನಿಮಿಷ ನೀವು ನೀವೇ ಮಾಡಿಕೊಳ್ಳಿ.

2027ರಲ್ಲಿ ರಂಜಾನ್ ಉಪವಾಸವೂ ಫೆಬ್ರುವರಿಯಲ್ಲೇ ಶುರು. ಉಪವಾಸ ಇರುವ ಹಮಾಲರನ್ನು ಕರೆಕರೆದು ಒತ್ತಾಯಿಸಬೇಡಿ, ಬೇಕೆಂದವರಿಗೆ ಸಂಜೆಗೆಂದು ಬಾಟಲಿಯಲ್ಲಿ ತಣ್ಣೀರು ತುಂಬಿಕೊಡಿ. ತಲೆಸುತ್ತಿ ಕುಸಿದವರಿಗೆ ಮಜ್ಜಿಗೆಯೇ ಮದ್ದಲ್ಲ: ನೆರಳಿಗೆ ಒಯ್ದು, ಎಚ್ಚರ ಇದ್ದರೆ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಜನ

ದಿನಕ್ಕೆ ನಾಲ್ವರು: ಬೆರೆಸಲು ಒಬ್ಬರು, ಕೊಡಲು ಇಬ್ಬರು, ತೊಳೆಯಲು ಒಬ್ಬರು. ತೊಳೆಯುವ ಕೆಲಸ ಯಾವಾಗಲೂ ಹೆಂಗಸರ ಪಾಲಿಗೇ ಬೀಳದಂತೆ ವಾರವಾರ ಬದಲಿಸಿ. ಫಾದರ್, ಪಾಸ್ಟರ್ ಕೂಡ ಸರದಿಯಲ್ಲಿರಲಿ. ಮೊದಲ ವಾರ ಇಪ್ಪತ್ತು ಜನ ಬರುತ್ತಾರೆ, ಮೂರನೇ ವಾರ ಇಬ್ಬರು ಉಳಿಯುತ್ತಾರೆ. ಅದಕ್ಕೇ ಒಂದೊಂದು ಗುಂಪಿಗೂ ವಾರದ ಒಂದೇ ದಿನ ಗೊತ್ತುಮಾಡಿ.

ಈಸ್ಟರ್‌ಗೆ ಮುಚ್ಚಬೇಡಿ. ಬಿಸಿಲು ಏರುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಹಬ್ಬ 2027ರಲ್ಲಿ ಮೇ 16ಕ್ಕಿದೆ, ಅಲ್ಲಿಯವರೆಗೆ ವಾರಕ್ಕೊಂದು ದಿನವಾದರೂ ಮಜ್ಜಿಗೆ ನಡೆಯಲಿ. ಪೆಂತೆಕೋಸ್ತ್ ಆದ ಮಾರನೇ ಭಾನುವಾರ ಜಮಾ-ಖರ್ಚನ್ನು ಓದಿ ಹೇಳಿ, ಯಾರ ಮನೆಯಿಂದ ಎಷ್ಟು ಬಂತೆಂಬುದು ಬೇಡ. ಉಳಿದ ದುಡ್ಡು ಸೆಪ್ಟೆಂಬರ್ 8ರ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ನಡೆದು ಹೋಗುವವರಿಗೆ ಬಳಕೆಯಾಗುತ್ತದೆ. ಆಗ ಮಳೆ ಇರುತ್ತದೆ, ಮಡಿಕೆ ಬಿಟ್ಟು ಬಿಸಿ ಶುಂಠಿ ಕಷಾಯಕ್ಕೆ ಒಂದು ದೊಡ್ಡ ಫ್ಲಾಸ್ಕ್ ಹೊಂದಿಸಿಕೊಳ್ಳಿ.