ಲ್ಯಾಪರೊಸ್ಕೋಪಿ ಆದ ಮೇಲೆ ಮನೆಯಲ್ಲಿ ಆರೈಕೆ ಹೇಗೆ?

ಲ್ಯಾಪರೊಸ್ಕೋಪಿ, ಎಂದರೆ ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ ಕ್ಯಾಮೆರಾ, ಉಪಕರಣಗಳನ್ನು ತೂರಿಸಿ ನಡೆಸುವ ಆಪರೇಷನ್, ಮಾಡಿಸಿಕೊಂಡು ಮನೆಗೆ ಬಂದವರು ಅಂಗಿ ಎತ್ತಿ ನೋಡಿಕೊಂಡರೆ ಹೊಟ್ಟೆಯ ಮೇಲೆ ಕಾಣುವುದು ಮೂರೋ ನಾಲ್ಕೋ ಪ್ಲಾಸ್ಟರ್ ಮಾತ್ರ. ಒಂದೊಂದರ ಅಡಿಯಲ್ಲಿ ಸಾಮಾನ್ಯವಾಗಿ 5ರಿಂದ 12 ಮಿಲಿಮೀಟರ್ ಉದ್ದದ ಗಾಯವಿರುತ್ತದೆ. 'ಇಷ್ಟೇನಾ' ಎಂಬ ಧೈರ್ಯ ಬರುವುದು ಆಗಲೇ, ಎಡವಟ್ಟು ಶುರುವಾಗುವುದೂ ಆಗಲೇ. ಪಿತ್ತಕೋಶ ತೆಗೆದಿದ್ದರೆ ಯಕೃತ್ತಿನ ಅಡಿಯಿಂದ ಅದನ್ನು ಬಿಡಿಸಿದ ಜಾಗ ಮಾಯಬೇಕು; ಅಪೆಂಡಿಕ್ಸ್ ತೆಗೆದಿದ್ದರೆ ಅದರ ಬುಡವನ್ನು ಕಟ್ಟಿದ ಜಾಗ ಮಾಯಬೇಕು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುತ್ತಿದ್ದ ಕೆಲಸವೇ ಇಲ್ಲಿಯೂ ನಡೆದಿರುತ್ತದೆ, ದಾರಿಯಷ್ಟೇ ಕಿರಿದು. ಆದ್ದರಿಂದ ಗಾಯದ ಗಾತ್ರ ನೋಡಿ ಚೇತರಿಕೆಯನ್ನು ಅಳೆಯಬಾರದು. ನಿನ್ನೆಗಿಂತ ಇಂದು ನೋವು ತುಸುವಾದರೂ ಇಳಿದಿದೆಯೇ, ನಡಿಗೆ ತುಸುವಾದರೂ ಹೆಚ್ಚಿದೆಯೇ ಎಂಬುದೇ ಅಳತೆ. ಮುಂದೆ ಹೇಳುವ ಎಲ್ಲಕ್ಕೂ ಈ ಒಂದು ಪ್ರಶ್ನೆಯೇ ಆಧಾರ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದಕ್ಕೂ ಇಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ಪಾಲಿಸಬೇಕು, ಏಕೆಂದರೆ ಒಳಗೆ ಏನು ನಡೆಯಿತೆಂಬುದನ್ನು ಕಣ್ಣಾರೆ ಕಂಡವರು ಅದನ್ನು ಬರೆದಿರುತ್ತಾರೆ.

ಮೊದಲ 24 ಗಂಟೆ

ಪೂರ್ಣ ಅರಿವಳಿಕೆಯ ಪರಿಣಾಮ ಎಚ್ಚರವಾದ ಕೂಡಲೇ ಮುಗಿಯುವುದಿಲ್ಲ. ಮೊದಲ ದಿನ ಜೊತೆಯಲ್ಲಿ ಒಬ್ಬರು ಇರಲೇಬೇಕು. ವಾಹನ ಓಡಿಸುವುದು, ಒಲೆಯ ಮುಂದೆ ಒಬ್ಬರೇ ನಿಲ್ಲುವುದು, ಮದ್ಯಪಾನ, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕುವುದು ಯಾವುದೂ ಬೇಡ. ಉಸಿರಾಟಕ್ಕೆ ಹಾಕಿದ್ದ ಕೊಳವೆಯಿಂದ ಗಂಟಲು ಒಂದೆರಡು ದಿನ ಕೆರೆಯಬಹುದು. ವಾಕರಿಕೆ ಇದ್ದರೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಹೋಗಿ, ಹೊಟ್ಟೆ ಒಪ್ಪಿದ ಮೇಲೆ ಹಗುರವಾದ ಆಹಾರಕ್ಕೆ ಬರಬೇಕು. ಮನೆಗೆ ಬಂದ ಮೇಲೆ ಆರೆಂಟು ಗಂಟೆಯಾದರೂ ಮೂತ್ರ ಬಾರದೆ ಕೆಳಹೊಟ್ಟೆ ಬಿಗಿಯುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆ ಮಾಡಬೇಕು.

ಹೊಟ್ಟೆಯ ಆಪರೇಷನ್ನಿಗೆ ಭುಜವೇಕೆ ನೋಯುತ್ತದೆ?

ಬಹಳ ಮಂದಿಯನ್ನು ಗಾಬರಿಗೊಳಿಸುವ ವಿಷಯವಿದು. ಒಳಗೆ ಕ್ಯಾಮೆರಾಕ್ಕೂ ಉಪಕರಣಗಳಿಗೂ ಜಾಗವಾಗಲೆಂದು ಹೊಟ್ಟೆಯೊಳಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿ, ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಒತ್ತಡದಲ್ಲಿ ಉಬ್ಬಿಸಿರುತ್ತಾರೆ. ಕೊನೆಯಲ್ಲಿ ಅದನ್ನು ಹೊರಬಿಟ್ಟರೂ ಸ್ವಲ್ಪ ಉಳಿದು, ಎದ್ದು ಕುಳಿತಾಗ ಮೇಲಕ್ಕೇರಿ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ) ಕೆಳಗೆ ಸೇರಿಕೊಳ್ಳುತ್ತದೆ. ಹಿಗ್ಗಿದ, ಕೆರಳಿದ ವಪೆಯಿಂದ ಸುದ್ದಿ ಒಯ್ಯುವ ನರವೂ ಭುಜದ ಚರ್ಮದಿಂದ ಸುದ್ದಿ ತರುವ ನರಗಳೂ ಕುತ್ತಿಗೆಯ ಹತ್ತಿರ ಒಂದೇ ಮಟ್ಟದಲ್ಲಿ ಬೆನ್ನುಹುರಿಯನ್ನು ಸೇರುವುದರಿಂದ ಮಿದುಳು ವಿಳಾಸವನ್ನು ತಪ್ಪಾಗಿ ಓದಿ, ನೋವು ಭುಜದಿಂದ ಬಂತೆಂದು ಭಾವಿಸುತ್ತದೆ. ಉಳಿದ ಅನಿಲವನ್ನು ರಕ್ತ ಹೀರಿಕೊಂಡು ಉಸಿರಿನ ಮೂಲಕ ಹೊರಹಾಕುವಷ್ಟರಲ್ಲಿ, ಎಂದರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ, ನೋವು ತಾನಾಗಿ ಇಳಿಯುತ್ತದೆ. ಚಪ್ಪಟೆಯಾಗಿ ಮಲಗಿದರೆ ಹಗುರವೆನಿಸುವುದು, ಕುಳಿತರೆ ಹೆಚ್ಚುವುದು ಈ ನೋವಿನ ಗುರುತು. ಆದರೆ ಎದೆ ಬಿಗಿತ, ಬೆವರು, ಏದುಸಿರು ಜೊತೆಗೂಡಿದರೆ ಅದನ್ನು 'ಗ್ಯಾಸ್' ಎಂದು ತಳ್ಳಿಹಾಕದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಏಳುವುದು, ನಡೆಯುವುದು, ಕೆಮ್ಮುವುದು

ಅಂಗಾತ ಮಲಗಿದ್ದಲ್ಲಿಂದ ನೇರವಾಗಿ ಎದ್ದು ಕೂರಲು ಹೋದರೆ ಹೊಟ್ಟೆಯ ಸ್ನಾಯುಗಳೆಲ್ಲ ಒಮ್ಮೆಲೇ ಬಿಗಿದು ಜೀವ ಬಾಯಿಗೆ ಬರುತ್ತದೆ. ಇದಕ್ಕೊಂದು ಕ್ರಮವಿದೆ. ಮೊದಲು ಎರಡೂ ಮೊಣಕಾಲುಗಳನ್ನು ಮಡಚಿ, ಭುಜ ಮತ್ತು ಸೊಂಟ ಎರಡನ್ನೂ ಒಟ್ಟಿಗೆ ಹೊರಳಿಸಿ, ಮರದ ದಿಮ್ಮಿ ಉರುಳುವಂತೆ ಪಕ್ಕಕ್ಕೆ ತಿರುಗಬೇಕು; ಆಮೇಲೆ ಕಾಲುಗಳನ್ನು ಮಂಚದಂಚಿನಿಂದ ಇಳಿಬಿಡುತ್ತಾ, ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯನ್ನು ಹಾಸಿಗೆಗೆ ಊರಿ ಮೇಲೇಳಬೇಕು. ಕಾಲಿನ ಭಾರ ಕೆಳಕ್ಕೆ ಜಗ್ಗುವುದರಿಂದ ಮೈ ತಾನಾಗಿ ಮೇಲಕ್ಕೆ ಬರುತ್ತದೆ. ಕೂಡಲೇ ನಿಲ್ಲದೆ ಒಂದು ನಿಮಿಷ ಕುಳಿತು, ತಲೆ ಸುತ್ತುವುದಿಲ್ಲವೆಂದು ಖಾತ್ರಿಯಾದ ಮೇಲೆ ಎದ್ದರೆ ಸಾಕು. ಕೆಮ್ಮು, ಸೀನು ಬಂದಾಗ ತಡೆಹಿಡಿಯಬಾರದು. ಮಡಚಿದ ಟವೆಲನ್ನೋ ಸಣ್ಣ ದಿಂಬನ್ನೋ ಹೊಟ್ಟೆಗೆ ಒತ್ತಿಹಿಡಿದು ಕೆಮ್ಮಿಬಿಡಬೇಕು. ಕಫ ಒಳಗೇ ಉಳಿಯುವುದು ಹೊಲಿಗೆ ನೋಯುವುದಕ್ಕಿಂತ ಕೆಟ್ಟದ್ದು.

ನಡಿಗೆ ಮೊದಲ ದಿನದಿಂದಲೇ ಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಕರುಳು ಜಡವಾಗುತ್ತದೆ. ಎಚ್ಚರವಿರುವಾಗ ಗಂಟೆಗೊಮ್ಮೆ ಎದ್ದು ಮನೆಯೊಳಗೇ ಐದು ನಿಮಿಷ ಓಡಾಡುವುದು, ದಿನಕ್ಕೊಮ್ಮೆ ಒಂದೇ ಸಲ ಬಹಳ ದೂರ ನಡೆದು ಸುಸ್ತಾಗುವುದಕ್ಕಿಂತ ಮೇಲು. ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಬರೆದುಕೊಟ್ಟಿದ್ದರೆ, ಹುಷಾರಾದೆವೆಂದು ಅದನ್ನು ನಡುವೆ ನಿಲ್ಲಿಸಬಾರದು.

ಗಾಯವನ್ನು ನೋಡಿಕೊಳ್ಳುವ ಬಗೆ

ಹೊಲಿದು ಮುಚ್ಚಿದ ಗಾಯದ ಅಂಚುಗಳ ಮೇಲೆ ಸುಮಾರು 48 ಗಂಟೆಗಳಲ್ಲಿ ತೆಳುವಾದ ಹೊಸ ಪದರವೊಂದು ಬೆಳೆದು ಬಾಗಿಲು ಹಾಕಿಕೊಳ್ಳುತ್ತದೆ. ಮೊದಲ ಎರಡು ದಿನ ಡ್ರೆಸಿಂಗನ್ನು ಒಣಗಿದಂತೆಯೇ ಇಟ್ಟು, ಇಣುಕಿ ನೋಡುವ ಚಪಲಕ್ಕೆ ಎತ್ತದಿರಿ ಎನ್ನುವುದು ಇದೇ ಕಾರಣಕ್ಕೆ. ಅದು ರಕ್ತದಿಂದಲೋ ನೀರಿನಿಂದಲೋ ತೊಯ್ದಿದ್ದರೆ ಮಾತ್ರ ಬದಲಿಸಬೇಕು. ಬದಲಿಸುವ ಮೊದಲು ಕೈಗಳನ್ನು ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ತೊಳೆದು, ಸ್ವಚ್ಛ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಪ್ಲಾಸ್ಟರನ್ನು ಮೇಲಕ್ಕೆ ಕೀಳದೆ, ಪಕ್ಕದ ಚರ್ಮವನ್ನು ಒಂದು ಬೆರಳಿನಿಂದ ಒತ್ತಿಹಿಡಿದು ಚರ್ಮಕ್ಕೆ ಒರಗಿದಂತೆ ನಿಧಾನವಾಗಿ ಬಿಡಿಸಬೇಕು. ಹೊಸ ಡ್ರೆಸಿಂಗಿನಲ್ಲಿ ಗಾಯಕ್ಕೆ ತಾಗುವ ಭಾಗವನ್ನು ಬೆರಳಿನಿಂದ ಮುಟ್ಟಬಾರದು.

ವೈದ್ಯರು ಬೇರೆ ಹೇಳದಿದ್ದರೆ ಎರಡು ದಿನಗಳ ಬಳಿಕ ಸ್ನಾನ ಮಾಡಬಹುದು, ಆದರೆ ಮೇಲಿನಿಂದ ಹರಿದು ಇಳಿಯುವ ನೀರಿನಲ್ಲಿ ಮಾತ್ರ. ಸೋಪಿನ ನೊರೆ ಗಾಯದ ಮೇಲೆ ಹರಿದು ಹೋದರೆ ತೊಂದರೆಯಿಲ್ಲ, ಉಜ್ಜುವುದು ಬೇಡ. ಟಬ್ಬು, ಈಜುಕೊಳ, ಕೆರೆ ಹೊಳೆಗಳಲ್ಲಿ ಮುಳುಗುವುದು ಎಲ್ಲ ಗಾಯಗಳೂ ಪೂರ್ತಿ ಮಾಯುವವರೆಗೆ, ಎಂದರೆ ಕನಿಷ್ಠ ಎರಡು ವಾರ ಬೇಡ, ಏಕೆಂದರೆ ನೆನೆದ ಚರ್ಮ ಮೆತ್ತಗಾಗಿ ಅಂಚು ಬಿಟ್ಟುಕೊಳ್ಳುತ್ತದೆ.

ಹೊಕ್ಕುಳದ ಗಾಯಕ್ಕೆ ಹೆಚ್ಚು ಗಮನ ಬೇಕು. ದೊಡ್ಡ ಪೋರ್ಟ್ (ಉಪಕರಣ ತೂರಿಸಲು ಮಾಡಿದ ತೂತು) ಇರುವುದು ಬಹುಪಾಲು ಅಲ್ಲೇ, ತೆಗೆದ ಅಂಗವನ್ನು ಹೊರತರುವುದೂ ಅನೇಕ ಸಲ ಅಲ್ಲಿಂದಲೇ, ಅದರ ಮೇಲೆ ಆ ಗುಳಿಯಲ್ಲಿ ನೀರೂ ಬೆವರೂ ನಿಲ್ಲುತ್ತವೆ. ಸ್ನಾನವಾದ ಮೇಲೆ ಮೈ ಒರೆಸಿಕೊಂಡ ಟವೆಲನ್ನೇ ಅದಕ್ಕೆ ಬಳಸಬಾರದು. ಸ್ವಚ್ಛವಾದ ಗಾಜ್ (ಗಾಯಕ್ಕೆ ಇಡುವ ತೆಳು ಹತ್ತಿಬಟ್ಟೆ) ತುಂಡನ್ನು ಮೂಲೆಯಿಂದ ಮಡಚಿ ಚೂಪಾಗಿಸಿ, ಗುಳಿಯೊಳಗೆ ಇಟ್ಟು, ಹತ್ತು ಎಣಿಸುವಷ್ಟು ಹೊತ್ತು ಮೆಲ್ಲಗೆ ಒತ್ತಿ ತೆಗೆದರೆ ನೀರನ್ನೆಲ್ಲ ಅದು ಹೀರಿಕೊಂಡಿರುತ್ತದೆ. ಗಾಜ್ ಒದ್ದೆಯಾಗಿ ಬಂದರೆ ಇನ್ನೊಂದು ತುಂಡಿನಿಂದ ಮತ್ತೊಮ್ಮೆ. ತಿರುಗಿಸಿ ಉಜ್ಜಬಾರದು. ಪ್ಯಾಂಟಿನ ಪಟ್ಟಿಯೋ ಲಾಡಿಯೋ ಇದೇ ಜಾಗಕ್ಕೆ ಒತ್ತುವುದರಿಂದ ಕೆಲವು ದಿನ ಸಡಿಲ ಉಡುಪೇ ವಾಸಿ.

ಗಾಯಕ್ಕೆ ಏನು ಹಚ್ಚಬೇಕೆಂಬ ಪ್ರಶ್ನೆಗೆ ಉತ್ತರ: ಬರೆದುಕೊಟ್ಟದ್ದನ್ನು ಬಿಟ್ಟು ಏನೂ ಬೇಡ. ಈ ವಿಷಯದಲ್ಲಿ ಮನೆಯ ಹಿರಿಯರೊಂದಿಗೆ ಜಗಳವಾದರೂ ಸರಿ ಎನ್ನುವ ಪಕ್ಷ ನನ್ನದು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್‌ಗಳು ಹೊಸದಾಗಿ ಬೆಳೆಯುತ್ತಿರುವ ಜೀವಕೋಶಗಳನ್ನೂ ಸುಡುತ್ತವೆ. ಪುಡಿ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಎಣ್ಣೆ, ಮುಲಾಮುಗಳು ಗಾಯದ ಬಾಯಿ ಮುಚ್ಚಲು ಆಸ್ಪತ್ರೆಯಲ್ಲಿ ಹಚ್ಚಿದ ಚರ್ಮದ ಅಂಟನ್ನು ಕರಗಿಸುತ್ತವೆ. ಈ ಅಂಟು ತಾನಾಗಿಯೇ ಐದರಿಂದ ಹತ್ತು ದಿನಗಳಲ್ಲಿ ಹಪ್ಪಳೆಯಂತೆ ಎದ್ದು ಬರುತ್ತದೆ, ಗಾಯದ ಮೇಲೆ ಅಂಟಿಸಿದ ಕಾಗದದ ಪಟ್ಟಿಗಳೂ ಸುಮಾರು ಅಷ್ಟೇ ದಿನಕ್ಕೆ ಅಂಚು ಬಿಡುತ್ತವೆ. ಎದ್ದ ತುದಿಯನ್ನು ಕತ್ತರಿಸಬಹುದು, ಎಳೆಯಬಾರದು. ಒಳಗಿನ ಹೊಲಿಗೆಗಳು ಕರಗುವಂಥವು. ಹೊರಗೆ ಕರಗದ ದಾರವಿದ್ದರೆ ಅದನ್ನು ಸಾಮಾನ್ಯವಾಗಿ ಏಳರಿಂದ ಹತ್ತನೆಯ ದಿನದೊಳಗೆ ಆಸ್ಪತ್ರೆಯಲ್ಲಿ ತೆಗೆಯುತ್ತಾರೆ.

ಅಂಚಿನಲ್ಲಿ ತೆಳು ಕೆಂಪು, ಸುತ್ತ ನೀಲಿಗಟ್ಟಿ ಆಮೇಲೆ ಹಳದಿಗೆ ತಿರುಗುವ ಕಲೆ, ಮೊದಲ ಎರಡು ಮೂರು ದಿನ ಪ್ಲಾಸ್ಟರಿಗೆ ಅಂಟುವ ತಿಳಿಗೆಂಪು ನೀರಿನ ಹನಿಗಳು, ಮಾಯುವಾಗಿನ ತುರಿಕೆ, ಗಾಯದಡಿ ಕೈಗೆ ಸಿಗುವ ಗಟ್ಟಿ ಗೆರೆ ಇವೆಲ್ಲ ಸಹಜ. ಹೊಸದಾಗಿ ರಕ್ತ ಜಿನುಗಿದರೆ ಸ್ವಚ್ಛ ಗಾಜ್ ಇಟ್ಟು, ನಡುವೆ ತೆಗೆದು ನೋಡದೆ ಹತ್ತು ಹದಿನೈದು ನಿಮಿಷ ಒತ್ತಿಹಿಡಿಯಬೇಕು; ಆಗಲೂ ನಿಲ್ಲದಿದ್ದರೆ ಆಸ್ಪತ್ರೆ. ಕೆಂಪು ಹರಡುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಅದರ ಅಂಚಿನ ಸುತ್ತ, ಗಾಯಕ್ಕೆ ತಾಗದಂತೆ, ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಡಿ. ಕೆಲವು ಗಂಟೆಗಳಲ್ಲಿ ಗೆರೆ ದಾಟಿದ್ದರೆ ಅನುಮಾನಕ್ಕೆ ಜಾಗವಿಲ್ಲ. ದಿನವೂ ಒಂದೇ ಬೆಳಕಿನಲ್ಲಿ ತೆಗೆದ ಫೋಟೊ ಕೂಡ ಹೀಗೆಯೇ ನೆರವಾಗುತ್ತದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣದಿರುವುದರಿಂದ ಬಿಸಿ, ಊತ, ಮುಟ್ಟಿದರೆ ನೋವು ಇವುಗಳನ್ನೂ ನೋಡಬೇಕು.

ನೋವಿನ ಮಾತ್ರೆ ಮತ್ತು ಮಲಬದ್ಧತೆ

ನೋವು ಏರಿದ ಮೇಲೆ ಮಾತ್ರೆ ನುಂಗುವುದಕ್ಕಿಂತ ಮೊದಲ ಎರಡು ಮೂರು ದಿನ ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಂಡರೆ ಒಟ್ಟು ಮಾತ್ರೆಗಳೇ ಕಡಿಮೆ ಸಾಕಾಗಬಹುದು. ಪ್ಯಾರಾಸಿಟಮಾಲ್ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ತೂಕ 50 ಕಿಲೊಗಿಂತ ಕಡಿಮೆಯಿದ್ದರೆ, ಯಕೃತ್ತಿನ ಕಾಯಿಲೆಯಿದ್ದರೆ ಮಿತಿ ಇನ್ನೂ ಕೆಳಗೆ. ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಇದೇ ಔಷಧಿ ಇರುವುದರಿಂದ ಪಟ್ಟಿಯ ಹಿಂಬದಿಯನ್ನು ಓದಿಕೊಳ್ಳಬೇಕು. ಐಬುಪ್ರೊಫೇನ್ ಬಗೆಯವು ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಕೇಳದೆ ಬೇಡ.

ಅರಿವಳಿಕೆ, ಬಲವಾದ ನೋವುನಿವಾರಕ, ಕಡಿಮೆ ಊಟ, ಕಡಿಮೆ ಓಡಾಟ ಎಲ್ಲ ಸೇರಿ ಮೂರು ದಿನ ಮಲವಿಸರ್ಜನೆ ಆಗದಿರುವುದು ಅಪರೂಪವೇನಲ್ಲ. ತಿಣುಕಬಾರದು. ನೀರು, ನಾರಿನಂಶ, ನಡಿಗೆ ಸಾಲದಿದ್ದರೆ ಮಲ ಮೆತ್ತಗಾಗಿಸುವ ಔಷಧಿಯನ್ನು ಕೇಳಿ ಪಡೆಯಬೇಕು. ಪಿತ್ತಕೋಶ ತೆಗೆಸಿಕೊಂಡವರಲ್ಲಿ ಕೆಲವರಿಗೆ ಇದಕ್ಕೆ ವಿರುದ್ಧವಾಗಿ ಕೆಲವು ವಾರ ಮಲ ಸಡಿಲವಾಗುತ್ತದೆ. ಒಂದೇ ಹೊತ್ತಿಗೆ ಹೆಚ್ಚು ಜಿಡ್ಡು ತಿನ್ನದೆ ಸ್ವಲ್ಪ ಸ್ವಲ್ಪವಾಗಿ ಉಂಡರೆ ಬಹುಪಾಲು ಸರಿಹೋಗುತ್ತದೆ.

ಕಾಯಬಾರದ ಲಕ್ಷಣಗಳು

ಮೊದಲು ಹೇಳಿದ ಅಳತೆ ಮುಖ್ಯವಾಗುವುದು ಇಲ್ಲಿಯೇ. ಎರಡು ದಿನ ಇಳಿಯುತ್ತಿದ್ದ ನೋವು ಮೂರನೆಯ ದಿನ ತಿರುಗಿ ಏರಿದರೆ, ಮೇಲಿನ ಗಾಯಗಳು ಎಷ್ಟೇ ಅಚ್ಚುಕಟ್ಟಾಗಿ ಕಂಡರೂ, ಒಳಗೆ ಸೋರಿಕೆಯೋ ಸೋಂಕೋ ಇರಬಹುದು. ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ನಿಲ್ಲದ ವಾಂತಿ, ಅಪಾನವಾಯುವೂ ಹೋಗದಿರುವುದು ಇದ್ದರೆ ಅದೇ ದಿನ ತೋರಿಸಬೇಕು. 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ನಡುಕ, ಗಾಯದಿಂದ ಕೀವು ಅಥವಾ ಕೆಟ್ಟ ವಾಸನೆ, ಅಂಚು ಬಾಯಿಬಿಡುವುದು, ಪಿತ್ತಕೋಶದ ಆಪರೇಷನ್ ಬಳಿಕ ಕಣ್ಣು ಹಳದಿಯಾಗುವುದು ಇವೂ ಹಾಗೆಯೇ. ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿದ್ದರೆ ವಾರದ ಬಳಿಕವೂ ಒಳಗೆ ಕೀವು ಕಟ್ಟಿಕೊಳ್ಳಬಹುದು, ಆದ್ದರಿಂದ ಆಗ ಬಂದ ಜ್ವರವನ್ನು ಸಾಮಾನ್ಯ ಜ್ವರವೆಂದು ಬಿಡಬಾರದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ಅದೇ ದಿನದ ವಿಷಯ; ಹಠಾತ್ ಉಸಿರು ಕಟ್ಟುವುದು, ಎದೆನೋವು ಬಂದರೆ ಆಂಬುಲೆನ್ಸ್ ಕರೆಸಬೇಕು.

ಭಾರ, ಕೆಲಸ, ಗಾಯದ ಗುರುತು

ಮೂರು ವಾರಕ್ಕೆ ಮಾಯುತ್ತಿರುವ ಅಂಗಾಂಶಕ್ಕೆ ಬಂದಿರುವುದು ಮೊದಲಿನ ಬಲದ ಸುಮಾರು ಐದನೆಯ ಒಂದು ಪಾಲು ಮಾತ್ರ; ತಿಂಗಳುಗಳು ಕಳೆದರೂ ಅದು ಶೇ 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಭಾರದ ವಿಷಯದಲ್ಲಿ ಒಬ್ಬೊಬ್ಬ ಸರ್ಜನ್ ಒಂದೊಂದು ಲೆಕ್ಕ ಹೇಳುವುದುಂಟು. ಮೊದಲ ಕೆಲವು ವಾರ ನಾಲ್ಕೈದು ಕಿಲೊಗಿಂತ ಹೆಚ್ಚು ಎತ್ತದಿರುವುದು ಬಹಳ ಕಡೆ ಕೊಡುವ ಸಲಹೆ. ತುಂಬಿದ ಬಕೆಟ್, ಓಡಿಬಂದು ತೊಡೆಯೇರುವ ಮಗು ಎರಡೂ ಈ ಮಿತಿಯನ್ನು ಸಲೀಸಾಗಿ ದಾಟುತ್ತವೆ. ಮಗುವನ್ನು ಎತ್ತಿಕೊಳ್ಳುವ ಬದಲು ಕುಳಿತು ಪಕ್ಕಕ್ಕೆ ಕರೆದುಕೊಳ್ಳಬೇಕು. ಕುಳಿತು ಮಾಡುವ ಕೆಲಸಕ್ಕೆ ಬಹುತೇಕರು ಒಂದೆರಡು ವಾರಗಳಲ್ಲಿ, ಮೈಮುರಿಯುವ ಕೆಲಸಕ್ಕೆ ನಾಲ್ಕರಿಂದ ಆರು ವಾರಗಳಲ್ಲಿ ಮರಳುತ್ತಾರೆ. ಹಠಾತ್ ಬ್ರೇಕ್ ಒತ್ತಲು ಹೊಟ್ಟೆನೋವು ಅಡ್ಡಬರುತ್ತಿದ್ದರೆ ಅಥವಾ ತೂಕಡಿಕೆ ತರುವ ಮಾತ್ರೆ ನಡೆಯುತ್ತಿದ್ದರೆ ವಾಹನ ಓಡಿಸುವಂತಿಲ್ಲ. ಧೂಮಪಾನ ಗಾಯಕ್ಕೆ ಹೋಗುವ ಆಮ್ಲಜನಕವನ್ನೇ ಕಡಿಮೆ ಮಾಡುತ್ತದೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಸೋಂಕಿಗೆ ದಾರಿಯಾಗುತ್ತದೆ.

ಗಾಯದ ಗುರುತು ಮೊದಲ ತಿಂಗಳುಗಳಲ್ಲಿ ಕೆಂಪಾಗಿಯೋ ಕಪ್ಪಾಗಿಯೋ ಎದ್ದು ಕಂಡು, ಒಂದು ವರ್ಷದೊಳಗೆ ನಿಧಾನಕ್ಕೆ ಮಾಸುತ್ತದೆ. ಅಲ್ಲಿಯವರೆಗೆ ಬಿಸಿಲು ತಾಗದಂತೆ ಮುಚ್ಚಿಟ್ಟರೆ ಬಣ್ಣ ಅಷ್ಟು ಗಾಢವಾಗದು. ಈ ನಡುವೆ ಕೆಮ್ಮಿದಾಗ ಅಥವಾ ನಿಂತಾಗ ಹಳೆಯ ಗಾಯದ ಜಾಗದಲ್ಲಿ, ಅದರಲ್ಲೂ ಹೊಕ್ಕುಳದ ಬಳಿ, ಉಬ್ಬೊಂದು ಮೂಡಿ ಮಲಗಿದಾಗ ಮಾಯವಾಗುತ್ತಿದ್ದರೆ ಅದು ಪೋರ್ಟ್ ಜಾಗದ ಹರ್ನಿಯಾ (ಹೊಟ್ಟೆಯ ಗೋಡೆ ಸಡಿಲಾದಲ್ಲಿ ಒಳಗಿನ ಭಾಗ ಹೊರಚಾಚುವುದು) ಆಗಿರಬಹುದು, ಬಿಡುವು ಮಾಡಿಕೊಂಡು ತೋರಿಸಬೇಕು. ಆ ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ, ವಾಂತಿಯೂ ಬಂದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.