ಸೊಲ್ಲು ಹಿಡಿಯುವ ಭಾನುವಾರ

ಮಂಡ್ಯದ ನಮ್ಮ ಬಡಾವಣೆಯಲ್ಲಿ ಭಾನುವಾರ ಬೆಳಗ್ಗೆ ಏಳೂವರೆಗೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಕವಿತೆ ಬರೆಯೋಕೆ. ಒಬ್ಬರು ಬಸ್ ಕಂಡಕ್ಟರ್. ಒಬ್ಬರು ಕಬ್ಬು ಬೆಳೆಯುವ ರೈತರು. ಡಿಗ್ರಿ ಓದುವ ಇಬ್ಬರು ಹುಡುಗಿಯರು, ಮನೆಕೆಲಸ ಮುಗಿಸಿ ಓಡಿಬರುವ ನಾಲ್ಕೈದು ಹೆಂಗಸರು, ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಕೂಟಕ್ಕೆ ಈಗ ಮೂರನೇ ವರ್ಷ. ನಮ್ಮೂರಲ್ಲೂ ಇಂಥದ್ದು ಶುರು ಮಾಡಬೇಕು, ಹೇಗೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ತಿಂಗಳು ನಾನು ತಪ್ಪು ಮಾಡಿದೆ. ಬೋರ್ಡು, ಚಾಕ್‌ಪೀಸು ಹಿಡಿದು ಛಂದಸ್ಸಿನಿಂದ ಶುರು ಮಾಡಿದೆ. ತ್ರಿಪದಿಗೆ ಒಟ್ಟು 11 ಗಣ, ಸಾಲಿಗೆ ನಾಲ್ಕು, ನಾಲ್ಕು, ಮೂರು. ಆರನೆಯದು, ಹತ್ತನೆಯದು ಬ್ರಹ್ಮಗಣ, ಉಳಿದದ್ದೆಲ್ಲ ವಿಷ್ಣುಗಣ. ಮೂವತ್ತು ವರ್ಷ ಹೇಳಿದ ಪಾಠ, ಬಾಯಿಗೆ ತಾನಾಗಿ ಬಂತು. ಹದಿನಾಲ್ಕು ಜನ ಬಂದಿದ್ದರು, ಮುಂದಿನ ವಾರ ಐದು ಜನ. ಬಾರದವರಲ್ಲಿ ಆ ಅಜ್ಜಿಯೂ ಒಬ್ಬರು. ಅವರು ಸೋಬಾನೆ ಪದ ಹೇಳುವವರು. ರಾಗಿ ಬೀಸುತ್ತಾ ಕಲಿತ ನೂರಾರು ತ್ರಿಪದಿ ಅವರ ನಾಲಿಗೆ ಮೇಲಿವೆ. ಓದು ಬರಹ ಬರುವುದಿಲ್ಲ. ಅಂಥವರ ಮುಂದೆ ನಾನು ಗಣ ಎಣಿಸುತ್ತಾ ನಿಂತಿದ್ದೆ.

ಅವರ ಮನೆಗೆ ಹೋಗಿ ಕೇಳಿದೆ. ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. "ನೀನು ಎಣಿಸ್ತಾ ಕೂತ್ರೆ ಪದ ಎಲ್ಲಿಂದ ಬತ್ತದವ್ವ? ಪದ ಹೇಳೋರ್ಗಿಂತ ಮೊದ್ಲು ಸೊಲ್ಲು ಹಿಡಿಯೋರು ಬೇಕು ಕನವ್ವ" ಅಂದರು.

ಈ ಒಂದು ಮಾತಿನ ಮೇಲೆ ನಮ್ಮ ಕೂಟ ನಿಂತಿದೆ. ಸೊಲ್ಲು ಅಂದರೆ ನಮ್ಮ ಕಡೆ ಗೊತ್ತಲ್ವಾ? ಮುಂದಾಳು ಒಂದು ಸಾಲು ಹೇಳುತ್ತಾರೆ, ಜೊತೆಯವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡುವುದು ಹೀಗೇ. ತಂಬೂರಿ ಹಿಡಿದವರು ಒಬ್ಬರು, ಹಿಮ್ಮೇಳದಲ್ಲಿ ಸೊಲ್ಲು ಹಿಡಿಯುವವರು ಹಲವರು. ಸೊಲ್ಲು ಹಿಡಿಯುವವರು ಹಾಡಿಗೆ ಅಂಕ ಕೊಡುವುದಿಲ್ಲ. ಕೇಳಿಸಿಕೊಂಡೆ ಅಂತ ತೋರಿಸುತ್ತಾರೆ, ಅಷ್ಟೇ.

ಹಾಗಾಗಿ ನಮ್ಮಲ್ಲಿ ಯಾರಾದರೂ ಓದಿದ ಮೇಲೆ "ಚೆನ್ನಾಗಿದೆ" ಅನ್ನುವಂತಿಲ್ಲ. "ಚೆನ್ನಾಗಿಲ್ಲ" ಅಂತಲೂ ಇಲ್ಲ. "ಇಲ್ಲಿ ಹೀಗೆ ಬರೆದಿದ್ರೆ" ಅನ್ನುವ ಮಾತು ಮೊದಲ ಆರು ತಿಂಗಳು ಬೇಡವೇ ಬೇಡ. ಓದಿದ್ದರಲ್ಲಿ ನಿಮ್ಮ ಕಿವಿಯಲ್ಲಿ ಉಳಿದ ಒಂದು ಸಾಲನ್ನು ಅವರಿಗೇ ತಿರುಗಿ ಹೇಳಬೇಕು. ಮೇಲುನೋಟಕ್ಕೆ ಸುಲಭ. ಮಾಡಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಹೊಗಳೋಕೆ ಕೇಳಿಸಿಕೊಳ್ಳಬೇಕಾಗಿಲ್ಲ, ಸಾಲು ಹಿಡಿಯೋಕೆ ಕೇಳಿಸಿಕೊಳ್ಳಲೇಬೇಕು. ಬರೆದವರಿಗೂ ಇದರಿಂದ ಆಗುವ ಪಾಠ ದೊಡ್ಡದು. ಐದು ಜನ ಒಂದೇ ಸಾಲನ್ನು ಹಿಡಿದರೆ ಕವಿತೆಯ ಜೀವ ಎಲ್ಲಿದೆ ಅಂತ ಗೊತ್ತಾಯಿತು. ಯಾರೂ ಹಿಡಿಯದ ಸಾಲು ಯಾವುದು ಅಂತಲೂ ಗೊತ್ತಾಯಿತು, ನಾನು ಬಾಯಿಬಿಟ್ಟು ಹೇಳುವ ಕೆಲಸವಿಲ್ಲ.

ಇನ್ನು ನೋಡುವುದರ ಅಭ್ಯಾಸ. ಮನಸ್ಸಿಟ್ಟು ತಿನ್ನುವ ಒಂದು ಅಭ್ಯಾಸದ ಬಗ್ಗೆ ಓದಿದ್ದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಅನ್ನುವವರು ಒತ್ತಡ, ನೋವು ಇರುವ ರೋಗಿಗಳಿಗಾಗಿ ಎಂಟು ವಾರದ ತರಬೇತಿ ಶುರು ಮಾಡಿದರು. ಅದರಲ್ಲಿ ಒಂದು ಒಣದ್ರಾಕ್ಷಿಯನ್ನು ಮೊದಲ ಸಲ ಕಂಡವರಂತೆ ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ತಿನ್ನಿಸುತ್ತಾರೆ. ಮಂಡ್ಯದಲ್ಲಿ ದ್ರಾಕ್ಷಿ ಯಾಕೆ? ನಾನು ಅಚ್ಚು ಬೆಲ್ಲ ತಂದೆ. ಒಬ್ಬೊಬ್ಬರ ಅಂಗೈಗೆ ಒಂದೊಂದು ಚೂರು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಹತ್ತು ನಿಮಿಷ ಬರೆಯಬೇಕು, ಆದರೆ "ಸಿಹಿ" ಅನ್ನುವ ಪದ ಬಳಸಬಾರದು.

ನಮ್ಮ ರೈತರು ಬೆಲ್ಲವನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಜಾಸ್ತಿ ಬೆಳ್ಳಗಿದ್ದರೆ ಬಣ್ಣ ತೆಗೆಯುವ ಹೈಡ್ರೋಸ್ ಪುಡಿ ಹಾಕಿದ್ದಾರೆ ಅಂತ ಅನುಮಾನ, ಇದು ಕಂದು ಬಣ್ಣಕ್ಕಿದೆ, ಪರವಾಗಿಲ್ಲ ಅಂದರು. ಅಲ್ಲಿಂದ ಅವರ ಮಾತು ಆಲೆಮನೆಗೆ ಹೋಯಿತು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಕೊಳೆ ಮೇಲೆ ಬರಲಿ ಅಂತ ಬೆಂಡೆ ಗಿಡ ಜಜ್ಜಿ ಹಾಕುವ ಲೋಳೆ, ಒಲೆಗೆ ತಳ್ಳುವ ಒಣಗಿದ ಸಿಪ್ಪೆ, ಪಾಕ ಬಂತಾ ಅಂತ ಬೆರಳಲ್ಲೇ ತಿಳಿಯುವ ಅಪ್ಪ. ಅವತ್ತು ಅವರು ಒಂದೂವರೆ ಪುಟ ಬರೆದರು. ಅದಕ್ಕೂ ಮುಂಚೆ ಅವರು ಬರೆಯುತ್ತಿದ್ದದ್ದೆಲ್ಲ "ಅನ್ನದಾತ", "ಭೂತಾಯಿ", "ನೇಗಿಲಯೋಗಿ". ತಾವೇ ರೈತರಾಗಿದ್ದೂ ಬೇರೆ ಯಾರೋ ರೈತನನ್ನು ನೋಡಿ ಬರೆದಂತೆ ಇರುತ್ತಿತ್ತು.

ಒಂದು ಭಾನುವಾರ ಅವರು ನಿದ್ದೆಗಣ್ಣಲ್ಲಿ ಬಂದರು. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಲೆಕ್ಕದಲ್ಲಿ, ನೀರು ಬಿಟ್ಟಿದ್ದರು. ತಮ್ಮ ಗದ್ದೆಗೆ ನೀರು ತಲುಪುವ ತನಕ ರಾತ್ರಿಯೆಲ್ಲ ಟಾರ್ಚ್ ಹಿಡಿದು ಬದುವಿನ ಮೇಲೆ ಕೂತಿದ್ದರಂತೆ. "ಅದನ್ನೇ ಬರೀರಿ" ಅಂದೆ. "ಅದೇನ್ ಕವಿತೆ ಮೇಡಂ, ದಿನಾ ಇರೋದೇ" ಅಂದರು. ಆದರೂ ಬರೆದರು.

ನೀರು ಬರೋ ಸದ್ದು
ಮೊದಲು ಕಪ್ಪೆಗೆ ಗೊತ್ತು.
ಆಮೇಲೆ ನನಗೆ.

ಅವರು ಓದಿ ಮುಗಿಸಿದಾಗ ಎಲ್ಲರೂ ಇದೇ ಸಾಲುಗಳನ್ನು ಹಿಡಿದರು. ಅವರ ಕೈ ನಡುಗುತ್ತಿತ್ತು. ಆ ಬೆಳಗ್ಗೆಯನ್ನು ನಾನು ಮರೆಯಲಾರೆ.

ಹೊಸಬರಿಗೆ ನಾನು ಹೇಳುವ ಇನ್ನೊಂದು ನಿಯಮ: ಮೊದಲ ಹತ್ತು ವಾರ ಹೋಲಿಕೆ ಬೇಡ. "ಅಂತೆ", "ಹಾಗೆ" ಬಿಟ್ಟು ಬರೆಯಿರಿ. ಚಂದ್ರನಂಥ ಮುಖ, ಮುತ್ತಿನಂಥ ಹನಿ ಎಲ್ಲ ಬೇರೆಯವರು ನೋಡಿ ಇಟ್ಟದ್ದು. ಕಂಡಕ್ಟರ್ ಸಾಹೇಬರಿಗೆ ಇದು ತುಂಬಾ ಕಷ್ಟವಾಯಿತು, ಸಿನಿಮಾ ಹಾಡು ಕೇಳಿ ಬೆಳೆದವರು. ಒಂಬತ್ತನೇ ವಾರ ಮೂರು ಸಾಲು ತಂದರು. ಕೊನೇ ಟ್ರಿಪ್ಪು, ಖಾಲಿ ಬಸ್ಸು, ಕಿಟಕಿ ಪಕ್ಕದ ಸೀಟಿನಲ್ಲಿ ಯಾರದೋ ಮುಡಿಯಿಂದ ಬಿದ್ದ ಮಲ್ಲಿಗೆ. ಹೋಲಿಕೆ ಒಂದೂ ಇಲ್ಲ. ಸಾಕಲ್ವಾ?

ಈಗ ಒಂದು ನೋವಿನ ವಿಷಯ. ಬರೆದರೆ ಮನಸ್ಸು ಹಗುರವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆ ಧೈರ್ಯದ ಮೇಲೆ ಮೊದಲ ವರ್ಷ ಒಂದು ದಿನ "ನಿಮ್ಮ ದೊಡ್ಡ ದುಃಖದ ಬಗ್ಗೆ ಬರೆದು ಓದಿ" ಅಂದುಬಿಟ್ಟೆ. ಒಬ್ಬ ಹೆಣ್ಣುಮಗಳು ಓದುತ್ತಾ ಓದುತ್ತಾ ಅಳೋಕೆ ಶುರು ಮಾಡಿದರು. ನಿಲ್ಲಿಸೋಕೆ ಆಗಲಿಲ್ಲ. ಎರಡು ತಿಂಗಳು ಬರಲಿಲ್ಲ. ಆ ತಪ್ಪು ನನ್ನದು. ಆಮೇಲೆ ಸರಿಯಾಗಿ ಓದಿಕೊಂಡೆ. ಈ ವಿಷಯದ ಮೇಲೆ ಹೆಸರಾದ ಪ್ರಯೋಗ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅವರದು, 1986ರಲ್ಲಿ ಪ್ರಕಟವಾದದ್ದು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಹತ್ತಾರು ಜನರ ಮುಂದೆ ಗಟ್ಟಿಯಾಗಿ ಓದಲಿಲ್ಲ. ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಒಳ್ಳೆಯದು ಕಂಡದ್ದು ಆಮೇಲಿನ ತಿಂಗಳುಗಳಲ್ಲಿ. ನಾನು ಇದನ್ನು ಮೊದಲೇ ತಿಳಿದಿರಬೇಕಿತ್ತು.

ಈಗ ನಮ್ಮ ನೋಟ್‌ಬುಕ್ಕಿಗೆ ಎರಡು ಕಡೆ. ಮುಂದಿನಿಂದ ಬರೆದದ್ದು ಕೂಟಕ್ಕೆ, ಹಿಂದಿನಿಂದ ಬರೆದದ್ದು ನಿಮಗೆ ಮಾತ್ರ. ಹಿಂದಿನ ಪುಟಗಳನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಓದುವ ಸರದಿ ಬಂದಾಗ "ಇವತ್ತು ಬೇಡ" ಅಂದರೆ ಸಾಕು, ಕಾರಣ ಹೇಳಬೇಕಿಲ್ಲ. ಮತ್ತೆ, ತುಂಬಾ ಕುಗ್ಗಿದವರಿಗೆ ಕವಿತೆ ಸಾಲದು. ಅಂಥವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಒಮ್ಮೆ ನಾನೇ ಜೊತೆಗೆ ಹೋಗಿದ್ದೆ.

ಅವತ್ತು ಅತ್ತಿದ್ದ ಆ ಹೆಣ್ಣುಮಗಳು ವಾಪಸ್ ಬಂದರು. ಅವರು ನೋಟ್‌ಬುಕ್ಕಿನ ಮುಂದಿನ ಕಡೆ ಮೊದಲು ಬರೆದ ಸಾಲು: "ಅವ್ವನ ರಾಗಿಕಲ್ಲು ಈಗ ಬಚ್ಚಲಿಗೆ ಮೆಟ್ಟಿಲು. ಕಾಲಿಡದೆ ದಾಟುತ್ತೇನೆ."

ಖರ್ಚು ಹೆಚ್ಚಿಲ್ಲ. ನೂರು ಪುಟದ ನೋಟ್‌ಬುಕ್, ಪೆನ್ನು, ಫ್ಲಾಸ್ಕಿನಲ್ಲಿ ಟೀ. ಜಾಗದ್ದೇ ತಲೆನೋವು. ಮೊದಲು ಒಂದು ಶಾಲೆಯಲ್ಲಿ ಸೇರುತ್ತಿದ್ದೆವು, ಒಂದು ಭಾನುವಾರ ಹೋದರೆ ಗೇಟಿಗೆ ಬೀಗ. ಅವತ್ತು ನಾಲೆ ಏರಿ ಮೇಲೆ ನಡೆಯುತ್ತಾ ಕೇಳಿದ ಹತ್ತು ಸದ್ದು ಬರೆದೆವು. ಈಗ ತಿಂಗಳಿಗೊಂದು ಸಲ ಬೇಕಂತಲೇ ನಡೆಯುತ್ತೇವೆ.

ವರ್ಷಕ್ಕೊಮ್ಮೆ ಮೇಲುಕೋಟೆ. ಅಲ್ಲಿ 1905ರಲ್ಲಿ ಹುಟ್ಟಿದ ಪುತಿನ ಅವರ ಮನೆ ಇದೆ. ಅವರು ಸೈನ್ಯ ಇಲಾಖೆಯ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಕವಿತೆ ಬರೆದವರು. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರೂ ಸರ್ಕಾರಿ ನೌಕರಿಯಲ್ಲಿದ್ದವರು. ಇದನ್ನು ಕೇಳಿ ಕಂಡಕ್ಟರ್ ಸಾಹೇಬರ ಮುಖ ಅರಳಿತು. ಕಲ್ಯಾಣಿಯ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಫೋನಿಲ್ಲದೆ ಕೂತೆವು. ಪುಳಿಯೋಗರೆ ತಿಂದದ್ದು ಆಮೇಲೆ.

ಅಜ್ಜಿ ಎರಡನೇ ತಿಂಗಳಿಂದ ಒಂದು ವಾರವೂ ತಪ್ಪಿಸಿರಲಿಲ್ಲ. ಅವರು ಹೇಳಿದ್ದನ್ನು ಡಿಗ್ರಿ ಹುಡುಗಿ ಬರೆದುಕೊಳ್ಳುತ್ತಾಳೆ. "ನಾನು ಹಂಗ್ ಹೇಳ್ನಿಲ್ಲ ಕನವ್ವ, ತಿದ್ದು" ಅಂತ ಅಜ್ಜಿ ತಿದ್ದಿಸುತ್ತಾರೆ. ಹೋದ ತಿಂಗಳು ಮಂಡಿನೋವು ಜಾಸ್ತಿಯಾಗಿ ಬರೋಕೆ ಆಗಲಿಲ್ಲ. ನಾವೇ ಅವರ ಜಗಲಿಗೆ ಹೋದೆವು. ರೈತರು ಹೊಸದೇನನ್ನೂ ಬರೆದಿರಲಿಲ್ಲ, ಹಳೆಯ ಕಪ್ಪೆಯ ಸಾಲುಗಳನ್ನೇ ಓದಿದರು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅದೇ ಸಾಲುಗಳನ್ನು ಬೀಸುವ ಪದದ ಧಾಟಿಗೆ ಎಳೆದು ಹಾಡಿದರು. ಹಾಡಿ ನಿಲ್ಲಿಸಿ ನಮ್ಮ ಕಡೆ ನೋಡಿದರು. ನಾವು ಹನ್ನೊಂದು ಜನ ಸೊಲ್ಲು ಹಿಡಿದೆವು.